ಹಳೇ ತ್ರೀ ನಾಟ್ ತ್ರೀ ಮೈಮೇಲಿನ ಮುದ್ರೆಗಳು

ಬಳ್ಳಾರಿಯ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದವರಿಗೆ ಡಿಪಿ ರೈಫಲ್ ಅಂದರೆ ಗೊತ್ತು. ಅದೇ ಹಳೇ ತ್ರೀ ನಾಟ್ ತ್ರೀ, ಅಂದರೆ .303 ಬೋರಿನ ರೈಫಲ್. ಹೆಗಲ ಮೇಲೆ ಸುಮಾರು ನಾಲ್ಕು ಕಿಲೋ ಭಾರ. ಡಿಪಿ ಅಂದರೆ ಡ್ರಿಲ್ ಪರ್ಪಸ್, ಕವಾಯತಿಗೆ ಮಾತ್ರ. ಅದರಿಂದ ಗುಂಡು ಹಾರಿಸಲೇಬಾರದು. ಆದರೆ ಅದೇ ರೈಫಲಿನ ಮೈಮೇಲೆ ಅದರ ಪೂರ್ತಿ ಜಾತಕ ಇರುತ್ತದೆ.

ಹೆಗಲಿಗೆ ಒತ್ತಿಕೊಳ್ಳುವ ಮರದ ಬಟ್ ಉಕ್ಕಿಗೆ ಸೇರುವ ಕಡೆ, ಬಲಬದಿ ನೋಡಿ. ಕಿರೀಟ, ಅದರ ಕೆಳಗೆ ಜಿ.ಆರ್.ಐ. (ದೊರೆ, ಚಕ್ರವರ್ತಿ ಜಾರ್ಜ್ ಎಂಬುದರ ಲ್ಯಾಟಿನ್ ಮೊದಲಕ್ಷರಗಳು), ಇಶಾಪುರ್, ಒಂದು ಇಸವಿ. ಇದು ದೊರೆ ಜಾರ್ಜ್ ಕಾಲದಲ್ಲಿ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಹುಟ್ಟಿದ್ದು. ಗಣರಾಜ್ಯದ ನಂತರದ್ದಾದರೆ ಕಿರೀಟದ ಜಾಗದಲ್ಲಿ ಅಶೋಕನ ಸಿಂಹಗಳಿರುತ್ತವೆ. ಅಲ್ಲಲ್ಲಿ ಕಾಣುವ ಪುಟ್ಟ ಕಿರೀಟ, ಅಕ್ಷರ, ಅಂಕಿಗಳು ಇನ್ಸ್‌ಪೆಕ್ಟರುಗಳ ಗುರುತು. ಯಾರು ಪಾಸು ಮಾಡಿದರು ಅಂತ ಅದರಿಂದಲೇ ತಿಳಿಯುತ್ತಿತ್ತು. ಅಡ್ಡಡ್ಡ ಹಾಕಿದ ಎರಡು ಬಾವುಟ ಕಂಡರೆ, ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಸಿಡಿಸಿ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ.

ಎಫ್‌ಟಿಆರ್ ಅಂತ ಇದ್ದರೆ? ಫ್ಯಾಕ್ಟರಿ ಥರೋ ರಿಪೇರ್. ಪೂರ್ತಿ ಬಿಚ್ಚಿ, ಸವೆದದ್ದು ಬದಲಿಸಿ, ಮತ್ತೆ ಪರೀಕ್ಷಿಸಿದ ರೈಫಲ್. ನಮ್ಮ ಅದಿರು ಲಾರಿಗಳ ಎಂಜಿನ್ ಬಿಚ್ಚಿ ಬೋರ್ ಮಾಡಿಸುತ್ತಾರಲ್ವಾ, ಹಾಗೆ. ಪಕ್ಕದಲ್ಲಿರುವ ಇಸವಿ ರಿಪೇರಿಯದ್ದು, ಹುಟ್ಟಿದ್ದಲ್ಲ. ಹೊಸಬರು ಇಲ್ಲೇ ಎಡವುತ್ತಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ನಂಬರು. ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಮೇಲಿನ ಸಂಖ್ಯೆ, ಆ ಬೋಲ್ಟ್ ಕೂರುವ ಉಕ್ಕಿನ ಬಾಡಿಯ ಮೇಲಿನ ಸಂಖ್ಯೆ ಎರಡೂ ಒಂದೇ ಇರಬೇಕು. ಇದು ಸುಮ್ನೆ ದಾಖಲೆಗಾಗಿ ಅಲ್ಲ. ಪ್ರತಿ ಬೋಲ್ಟನ್ನೂ ಆಯಾ ಬಾಡಿಗೆ ಉಜ್ಜಿ ಕೂರಿಸಿರುತ್ತಾರೆ. ತ್ರೀ ನಾಟ್ ತ್ರೀ ತೋಟಾದ ಬುಡದಲ್ಲಿ ಒಂದು ಅಂಚು ಇದೆ. ಬೋಲ್ಟಿನ ಮುಖಕ್ಕೂ ನಳಿಗೆಯ ಹಿಂಬದಿಗೂ ನಡುವೆ ಆ ಅಂಚಿಗೆ ಸಿಗುವ ಜಾಗ ಸುಮಾರು 1.63ರಿಂದ 1.88 ಮಿಲಿಮೀಟರ್ ಒಳಗೇ ಇರಬೇಕು. ಬೇರೆ ರೈಫಲಿನ ಬೋಲ್ಟ್ ಹಾಕಿದರೆ ಈ ಅಳತೆ ತಪ್ಪಬಹುದು. ಜಾಗ ಜಾಸ್ತಿಯಾದರೆ ಹಿತ್ತಾಳೆ ತೋಟಾ ಹಿಗ್ಗಿ, ಬುಡದ ಹತ್ತಿರ ಹರಿದುಹೋಗಬಹುದು. ಆಗ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ, ಹಾರಿಸುವವರ ಕಣ್ಣು ಇರುವುದು ಅಲ್ಲೇ. ಅದಕ್ಕೇ ರಿಪೇರಿಯಲ್ಲಿ ಬೋಲ್ಟ್ ಬದಲಾದರೆ ಗೇಜ್ ಹಾಕಿ ಅಳೆದು, ಹಳೇ ನಂಬರು ಹೊಡೆದುಹಾಕಿ ಹೊಸದು ಕೊರೆಯುತ್ತಿದ್ದರು.

ಇಂಥ ರೈಫಲ್ ಒರೆಸುವ ಕೆಲಸ ಸಿಕ್ಕರೆ ದಯವಿಟ್ಟು ಉಪ್ಪುಕಾಗದ ಮುಟ್ಟಿಸಬೇಡಿ. ಎಣ್ಣೆ ಬಟ್ಟೆ ಸಾಕು. ಹೊಳಪು ಬರಲಿ ಅಂತ ಉಜ್ಜಿದರೆ ಮೊದಲು ಅಳಿಸಿಹೋಗುವುದು ತೆಳುವಾಗಿ ಕೊರೆದ ರಿಪೇರಿ ಗುರುತೇ.