ತಟ್ಟೆಯಲ್ಲಿ ಬೆಳೆದ ಚರ್ಮ, ಡಬ್ಬಿಯಲ್ಲಿ ಬಂದ ಸೀರಮ್

ಓದುಗರ ಪ್ರಶ್ನೆ: ಗ್ರೋತ್ ಫ್ಯಾಕ್ಟರ್ ಇರುವ ಸೀರಮ್ ತಗೊಂಡಿದ್ದೇನೆ. 'ಮನುಷ್ಯರ ಚರ್ಮದ ಕೋಶಗಳ ಮೇಲೆ ಲ್ಯಾಬಿನಲ್ಲಿ ಪರೀಕ್ಷಿಸಿದ್ದು' ಅಂತ ಡಬ್ಬಿ ಮೇಲಿದೆ. ಹಾಗಾದರೆ ಕೆಲಸ ಮಾಡುತ್ತದೆ, ಅಲ್ವಾ?

ಲ್ಯಾಬಿನ ತಟ್ಟೆಯಲ್ಲಿ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಆದರೆ ನಿಮ್ಮ ಕೆನ್ನೆ ತಟ್ಟೆಯಲ್ಲ.

ಚರ್ಮದ ಮೇಲ್ಪದರದ ಕೋಶಗಳಿಗೆ ಕೆರಟಿನೊಸೈಟ್ ಅನ್ನುತ್ತಾರೆ. ತಟ್ಟೆಯಲ್ಲಿ ಸುಮ್ನೆ ಬಿಟ್ಟರೆ ಇವು ಸರಿಯಾಗಿ ಬೆಳೆಯುವುದಿಲ್ಲ. 1975ರಲ್ಲಿ ಅಮೆರಿಕದ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್, ವಿಕಿರಣ ಹಾಯಿಸಿ ಬೆಳವಣಿಗೆ ನಿಲ್ಲಿಸಿದ ಇಲಿಯ ಕೋಶಗಳನ್ನು ಜೊತೆಗೆ ಹಾಕಿ ಇವನ್ನು ಬೆಳೆಸಿದರು. ಎರಡು ವರ್ಷದ ನಂತರ ಇಜಿಎಫ್ ಎಂಬ ಗ್ರೋತ್ ಫ್ಯಾಕ್ಟರನ್ನೂ (ಏನು ಮಾಡಬೇಕೆಂದು ಕೋಶಗಳಿಗೆ ಸೂಚನೆ ಕೊಡುವ ಪ್ರೋಟೀನು) ಸೇರಿಸಿದರು. ಸುಮಾರು 50 ತಲೆಮಾರಿಗೆ ಸುಸ್ತಾಗುತ್ತಿದ್ದ ಕೋಶಗಳು 150ರವರೆಗೂ ಹೋದವು.

ಈ ಇಜಿಎಫ್ ಮೊದಲು ಸಿಕ್ಕಿದ್ದು ಇಲಿಯ ಜೊಲ್ಲುಗ್ರಂಥಿಯಲ್ಲಿ. ಅದರ ಸಾರವನ್ನು ಮರಿಗಳಿಗೆ ಚುಚ್ಚಿದಾಗ ಅವು ಹೊತ್ತಿಗೆ ಮುಂಚೆಯೇ ಕಣ್ಣು ಬಿಟ್ಟಿದ್ದನ್ನು ವಿಜ್ಞಾನಿ ಸ್ಟಾನ್ಲಿ ಕೋಹೆನ್ ಗಮನಿಸಿದರು. ಗ್ರೋತ್ ಫ್ಯಾಕ್ಟರುಗಳ ಶೋಧಕ್ಕೆ 1986ರಲ್ಲಿ ಅವರಿಗೂ ಸಹವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿಗೂ ನೊಬೆಲ್ ಬಂತು. (ಹಾಗಂತ ಗಾಯಕ್ಕೆ ಉಗುಳು ಹಚ್ಚಬೇಡಿ.)

ಮೈಕ್ರೋಸ್ಕೋಪಿನಲ್ಲಿ ಕೆರಟಿನೊಸೈಟುಗಳ ಗುಂಪು ಒತ್ತೊತ್ತಾಗಿ ಹಾಸಿದ ಕಲ್ಲುಗಳ ಹಾಗೆ ಕಾಣುತ್ತದೆ. ಗುಂಪು ದೊಡ್ಡದಾದಂತೆ ನಡುವಿನವು ಇಕ್ಕಟ್ಟಿಗೆ ಸಿಕ್ಕಿ ಒಡೆದು ಎರಡಾಗುವುದನ್ನು ನಿಲ್ಲಿಸುತ್ತವೆ. ಇಜಿಎಫ್ ಸಿಕ್ಕರೆ ಅಂಚಿನ ಕೋಶಗಳು ಹೊರಕ್ಕೆ ಜರುಗುತ್ತವೆ. ಬಸ್ಸಿನ ಬಾಗಿಲಲ್ಲಿ ನಿಂತವರು ಜರುಗಿದರೆ ತಾನೇ ಉಳಿದವರಿಗೆ ಜಾಗ? ಬೆಳವಣಿಗೆ ಅಂದರೆ ಬರೀ ಸಂಖ್ಯೆ ಜಾಸ್ತಿಯಾಗುವುದು ಅಂದುಕೊಂಡಿದ್ದ ನನಗೆ ಈ ಜರುಗಾಟವೇ ತುಂಬಾ ಇಷ್ಟವಾದ ವಿಷಯ.

ಎಲ್ಲ ಗ್ರೋತ್ ಫ್ಯಾಕ್ಟರೂ 'ಬೆಳೆ' ಅಂತಲೇ ಹೇಳುವುದಿಲ್ಲ. ಟಿಜಿಎಫ್-ಬೀಟಾ ಎಂಬುದು ಕೆರಟಿನೊಸೈಟುಗಳಿಗೆ 'ನಿಲ್ಲು' ಅನ್ನುತ್ತದೆ. ಒಳಪದರದ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳಿಗೆ 'ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನು) ಮಾಡು' ಅನ್ನುತ್ತದೆ. ಹೆಸರು ನೋಡಿ ಮೋಸ ಹೋಗಬಾರದು. ತಟ್ಟೆಯ ದ್ರವದಲ್ಲಿ ಕ್ಯಾಲ್ಸಿಯಂ ಹೆಚ್ಚಿಸಿದರಂತೂ ಕೆರಟಿನೊಸೈಟುಗಳು ಹೆಚ್ಚುವುದು ಬಿಟ್ಟು ಒಂದರ ಮೇಲೊಂದು ಪದರ ಕಟ್ಟಲು ಶುರುಮಾಡುತ್ತವೆ.

ಈಗ ನಿಮ್ಮ ಮುಖಕ್ಕೆ ಬರೋಣ. ತಟ್ಟೆಯ ಕೋಶಗಳು ಬೆತ್ತಲೆ. ಹಾಕಿದ ಹನಿ ನೇರ ಅವುಗಳ ಮೈಗೇ ತಾಗುತ್ತದೆ. ಮುಖದಲ್ಲಿ ಜೀವಂತ ಕೋಶಗಳ ಮೇಲೆ ಸತ್ತ ಕೋಶಗಳ ಗಟ್ಟಿ ಪದರವಿದೆ. 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ಭಾರದ ಅಣು ಅದನ್ನು ದಾಟುವುದು ಕಷ್ಟ ಅನ್ನುವುದು ಚರ್ಮದ ಔಷಧಿ ಮಾಡುವವರ ಲೆಕ್ಕ. ಇಜಿಎಫ್ ಸುಮಾರು 6,000 ಡಾಲ್ಟನ್.

ಗಾಯದ ಕಥೆ ಬೇರೆ. ಅಲ್ಲಿ ಆ ಪದರವೇ ಹರಿದಿರುತ್ತದೆ. ಹಾಗಾಗಿಯೇ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಪಿಡಿಜಿಎಫ್ ಎಂಬ ಗ್ರೋತ್ ಫ್ಯಾಕ್ಟರಿನ ಜೆಲ್‌ಗೆ ಅಮೆರಿಕ 1997ರಲ್ಲೇ ಒಪ್ಪಿಗೆ ಕೊಟ್ಟಿತು. ನಮ್ಮಲ್ಲೂ ಅಂಥ ಹುಣ್ಣಿಗೆ ಇಜಿಎಫ್ ಜೆಲ್ ಸಿಗುತ್ತದೆ, ವೈದ್ಯರು ಬರೆದುಕೊಟ್ಟರೆ.

ನಿಮ್ಮ ಸೀರಮ್ ಹಚ್ಚಿದ ಮೇಲೆ ಮುಖ ಮೆತ್ತಗೆ ಅನ್ನಿಸುತ್ತಿದೆಯಾ? ಡಬ್ಬಿ ತಿರುಗಿಸಿ, ಪಟ್ಟಿಯಲ್ಲಿ ತೇವ ಹಿಡಿದಿಡುವ ಗ್ಲಿಸರಿನ್ ಎಷ್ಟನೆಯದು ನೋಡಿ.