ಗೂಬೆ ನಾಣ್ಯ: ಅಥೆನ್ಸ್‌ನ ಟೆಟ್ರಾಡ್ರಾಕ್ಮ್

ಹಳೆಯ ಗ್ರೀಕ್ ನಾಣ್ಯಗಳ ಬಗ್ಗೆ ಓದುವಾಗ ‘ಗೂಬೆ’ ಎಂಬ ಹೆಸರು ಪದೇ ಪದೇ ಸಿಗುತ್ತದೆ. ಅದು ಅಥೆನ್ಸ್ ನಗರದ ಬೆಳ್ಳಿ ನಾಣ್ಯ, ಟೆಟ್ರಾಡ್ರಾಕ್ಮ್. ಟೆಟ್ರಾ ಅಂದರೆ ನಾಲ್ಕು. ಡ್ರಾಕ್ಮಾ ಅಂದರೆ ಆಗಿನ ಗ್ರೀಕರ ಹಣ, ನಮ್ಮ ರೂಪಾಯಿಯ ಹಾಗೆ. ನಾಲ್ಕು ಡ್ರಾಕ್ಮಾ ಬೆಲೆಯ ಒಂದೇ ನಾಣ್ಯ ಇದು. ತೂಕ ಸುಮಾರು 17 ಗ್ರಾಂ. ಗೂಬೆ ಅನ್ನೋದು ಈಗಿನ ಸಂಗ್ರಾಹಕರು ಸುಮ್ನೆ ಇಟ್ಟ ಹೆಸರಲ್ಲ, ಆಗಿನ ಅಥೆನ್ಸ್ ಜನರೇ ಹಾಗೆ ಕರೆಯುತ್ತಿದ್ದರು.

ಒಂದು ಬದಿಯಲ್ಲಿ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿಯ ಮುಖ. ಇನ್ನೊಂದು ಬದಿಯಲ್ಲಿ ಅವಳ ಹಕ್ಕಿ ಗೂಬೆ. ನಮ್ಮಲ್ಲಿ ಮನೆ ಮೇಲೆ ಗೂಬೆ ಕೂತರೆ ಅಪಶಕುನ ಅನ್ನುತ್ತಾರೆ. ಅಲ್ಲಿ ಅದು ಊರು ಕಾಯುವ ದೇವಿಯ ಗುರುತು. ಗೂಬೆಯ ಹಿಂದೆ ಒಂದು ಆಲಿವ್ ಚಿಗುರು, ಒಂದು ಪುಟ್ಟ ಚಂದ್ರ. ಮುಂದೆ ಊರಿನ ಹೆಸರಿನ ಮೊದಲ ಮೂರು ಗ್ರೀಕ್ ಅಕ್ಷರ. ಆಲಿವ್ ಮರವನ್ನು ಊರಿಗೆ ಕೊಟ್ಟವಳು ಅಥೀನಾ ಎಂಬುದು ಅವರ ಪುರಾಣ. ಈಗಿನ ಗ್ರೀಸ್‌ನ 1 ಯೂರೋ ನಾಣ್ಯದ ಮೇಲೂ ಇದೇ ಗೂಬೆ ಇದೆ.

ನನ್ನನ್ನು ಜಾಸ್ತಿ ಸೆಳೆಯುವುದು ಅಥೀನಾಳ ಕಣ್ಣು. ಮುಖ ಪಕ್ಕಕ್ಕೆ ತಿರುಗಿದೆ, ಕಣ್ಣು ಮಾತ್ರ ಎದುರಿನಿಂದ ಕಂಡ ಹಾಗೆ ಪೂರ್ತಿ ತೆರೆದಿದೆ. ಇದು ಹಳೇ ಕಾಲದ ಶೈಲಿ. ಕ್ರಿ.ಪೂ. 5ನೇ ಶತಮಾನದಲ್ಲಿ ಅದೇ ಊರಿನ ಶಿಲ್ಪಿಗಳು ಪಾರ್ಥೆನಾನ್ ಗುಡಿಗೆ ಜೀವ ತುಂಬಿದಂಥ ಮೂರ್ತಿಗಳನ್ನು ಕಡೆಯುತ್ತಿದ್ದರು. ಚೆಂದದ ಕಣ್ಣು ಬಿಡಿಸಲು ಅವರಿಗೆ ಬರದೇ ಇರಲಿಲ್ಲ. ಆದರೂ ನಾಣ್ಯದ ಮೇಲಿನ ಮುಖ ಹಾಗೇ ಉಳಿಯಿತು. ಯಾಕೆಂದರೆ ಈ ಬೆಳ್ಳಿ ಈಜಿಪ್ಟ್, ಸಿರಿಯಾ ಕಡೆಗೂ ಹೋಗುತ್ತಿತ್ತು. ದೂರದ ವ್ಯಾಪಾರಿ ಅದನ್ನು ಗುರುತಿಸುತ್ತಿದ್ದದ್ದೇ ಆ ಹಳೇ ಮುಖದಿಂದ. ಚಿತ್ರ ಬದಲಾದರೆ ಅನುಮಾನ ಬರುತ್ತದೆ ಅಲ್ವಾ? ಕಣ್ಣು ತಿದ್ದಿದ್ದು ಕ್ರಿ.ಪೂ. 4ನೇ ಶತಮಾನದಲ್ಲಿ.

ಅಚ್ಚು ಹಾಕುತ್ತಿದ್ದದ್ದು ಕೈಯಿಂದ. ಅಡೆಗಲ್ಲಿನಲ್ಲಿ ಅಥೀನಾಳ ಅಚ್ಚು, ಅದರ ಮೇಲೆ ಬೆಳ್ಳಿ ಬಿಲ್ಲೆ, ಮೇಲಿಂದ ಗೂಬೆಯ ಅಚ್ಚಿಟ್ಟು ಸುತ್ತಿಗೆ ಏಟು. ಹಾಗಾಗಿ ಎಷ್ಟೋ ನಾಣ್ಯಗಳಲ್ಲಿ ಶಿರಸ್ತ್ರಾಣದ ತುರಾಯಿ ಅಂಚಿನಾಚೆ ಹೋಗಿಬಿಟ್ಟಿದೆ.

ಬೆಳ್ಳಿ ಬಂದದ್ದು ಅಥೆನ್ಸ್ ಸೀಮೆಯಲ್ಲೇ ಇದ್ದ ಲಾರಿಯಾನ್ ಗಣಿಗಳಿಂದ. ಒಳಗೆ ದುಡಿದವರು ಗುಲಾಮರು. ನಾಣ್ಯದ ಅಂದ ಹೊಗಳುವಾಗ ಅವರನ್ನು ಮರೆಯಲು ನನಗೆ ಮನಸ್ಸಾಗುವುದಿಲ್ಲ. ಕ್ರಿ.ಪೂ. 483ರ ಹೊತ್ತಿಗೆ ಅಲ್ಲಿ ಬೆಳ್ಳಿ ಹೇರಳವಾಗಿ ಸಿಕ್ಕಿತು. ಅದನ್ನು ಜನರಿಗೆ ಹಂಚುವುದು ಬೇಡ, ಯುದ್ಧದ ಹಡಗು ಕಟ್ಟೋಣ ಎಂದು ಅಥೆನ್ಸ್‌ನ ನಾಯಕ ಥೆಮಿಸ್ಟೊಕ್ಲಿಸ್ ಊರಿನವರನ್ನು ಒಪ್ಪಿಸಿದ. ಕ್ರಿ.ಪೂ. 480ರಲ್ಲಿ ಅಥೆನ್ಸ್ ಹತ್ತಿರದ ಸಲಾಮಿಸ್ ದ್ವೀಪದ ಬಳಿ ಪರ್ಷಿಯಾದ ನೌಕಾಪಡೆ ಸೋತದ್ದು ಆ ಹಡಗುಗಳ ಬಲದಿಂದ.

ಇಷ್ಟು ಓಡುವ ನಾಣ್ಯಕ್ಕೆ ನಕಲೂ ಹುಟ್ಟಿತು. ಒಳಗೆ ತಾಮ್ರ ಇದೆಯೋ ಎಂದು ಉಳಿ ಹಾಕಿ ನೋಡಿದ ಗಾಯ ಇವತ್ತಿಗೂ ಹಲವು ಗೂಬೆಗಳ ಮೈಮೇಲಿದೆ. ಕ್ರಿ.ಪೂ. 375ರ ಸುಮಾರಿಗೆ ಅಥೆನ್ಸ್ ಇದಕ್ಕೊಂದು ಕಾನೂನನ್ನೇ ಮಾಡಿತು. ನಾಣ್ಯ ಪರೀಕ್ಷಿಸಲು ಸಂತೆ ಬಯಲಿನಲ್ಲಿ ಸರ್ಕಾರದ ಒಬ್ಬ ಗುಲಾಮ ಕೂರುತ್ತಿದ್ದ. ಒಳಗೆ ತಾಮ್ರವೋ ಸೀಸವೋ ಇದ್ದರೆ ಅಲ್ಲೇ ಕತ್ತರಿಸಬೇಕು. ಸರಿಯಿದೆ ಎಂದು ಅವನು ಹೇಳಿದ ಮೇಲೂ ತೆಗೆದುಕೊಳ್ಳದ ಅಂಗಡಿಯವನು ಅವತ್ತು ಮಾರಲು ತಂದ ಸರಕೆಲ್ಲ ಜಪ್ತಿ.