ಶಿಬಿರಗಳು ರ‍್ಯಾಂಪ್‌ನಲ್ಲೇ ನಿಂತದ್ದು ಯಾಕೆ?

ಏಪ್ರಿಲ್ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಬೇಸಿಗೆ ಶಿಬಿರದ ಬ್ಯಾನರ್‌ಗಳು ಏಳುತ್ತವೆ. ಬಾಲಭವನದಲ್ಲಿ ಚಿತ್ರಕಲೆ, ಶಾಲೆ ಮೈದಾನದಲ್ಲಿ ಆಟ, ಚಿಂಚೋಳಿಯ ಚಂದ್ರಂಪಳ್ಳಿ ಕಡೆ ಚಾರಣ. ಅರ್ಜಿಯ ಕೆಳಗೆ ಸಣ್ಣಕ್ಷರದಲ್ಲಿ ‘ಮಗು ದೈಹಿಕವಾಗಿ ಸದೃಢವಾಗಿರಬೇಕು’ ಎಂದಿದ್ದರೆ ಮುಗಿಯಿತು. ಕಟ್ಟಡದ ಮುಂದೆ ರ‍್ಯಾಂಪ್ ಇದ್ದರೂ ಗಾಲಿಕುರ್ಚಿಯ ಮಗು ಅದರ ಹತ್ತಿರಕ್ಕೂ ಬರುವುದಿಲ್ಲ. ಈ ಸ್ಥಿತಿಗೆ ಸಂಘಟಕರ ಅಸಡ್ಡೆ ಎಷ್ಟು ಕಾರಣವೋ, ಕಾನೂನು ಬೆಳೆದುಬಂದ ಬಗೆಯೂ ಅಷ್ಟೇ ಕಾರಣ.

ಅಂಗವಿಕಲರಿಗೆಂದು ದೇಶದಲ್ಲಿ ಬಂದ ಮೊದಲ ಸಮಗ್ರ ಕಾಯ್ದೆ 1995ರದು. ಜಾರಿಗೆ ಬಂದದ್ದು 1996ರ ಫೆಬ್ರುವರಿ 7ರಂದು. ಅದರ 43ನೇ ಸೆಕ್ಷನ್‌ನಲ್ಲಿ ಮನರಂಜನೆಯ ಮಾತಿತ್ತು, ಆದರೆ ‘ವಿಶೇಷ ಮನರಂಜನಾ ಕೇಂದ್ರ’ಕ್ಕೆ ರಿಯಾಯಿತಿ ದರದಲ್ಲಿ ಜಮೀನು ಕೊಡುವ ಯೋಜನೆಯಾಗಿ. ಎಲ್ಲರ ಶಿಬಿರದಲ್ಲಿ ಇವರಿಗೂ ಜಾಗ ಕೊಡಿ ಎನ್ನುವ ಯೋಚನೆ ಅಲ್ಲಿರಲಿಲ್ಲ. ಕಟ್ಟಡಗಳ ಕುರಿತ 46ನೇ ಸೆಕ್ಷನ್ ರ‍್ಯಾಂಪ್ ಅನ್ನು ಎರಡು ಸಲ ಹೇಳಿತು, ಸಾರ್ವಜನಿಕ ಕಟ್ಟಡಕ್ಕೊಮ್ಮೆ, ಆಸ್ಪತ್ರೆಗೊಮ್ಮೆ. ಜೊತೆಗೆ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಷರತ್ತು. ಎಂಜಿನಿಯರ್, ಗುತ್ತಿಗೆದಾರರ ತಲೆಯಲ್ಲಿ ಉಳಿದದ್ದು ರ‍್ಯಾಂಪ್ ಒಂದೇ.

ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಬೇರೆ ದಾರಿ ಹಿಡಿದಿತ್ತು. ಅದರ ಪ್ರಕಾರ ಖಾಸಗಿ ಬೇಸಿಗೆ ಶಿಬಿರವೂ ಸಾರ್ವಜನಿಕ ಸೇವೆಯೇ. ಮಗುವಿನ ಅಂಗವೈಕಲ್ಯದ ಹೆಸರು ಕೇಳಿದ ಕೂಡಲೇ ಬೇಡ ಎನ್ನುವಂತಿಲ್ಲ, ಆ ಮಗುವನ್ನೇ ನೋಡಿ ತೀರ್ಮಾನಿಸಬೇಕು, ಸೌಲಭ್ಯದ ಖರ್ಚೆಂದು ಅವರಿಂದ ಮಾತ್ರ ಹೆಚ್ಚು ಶುಲ್ಕ ವಸೂಲು ಮಾಡಬಾರದು. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆ ತನ್ನ 30ನೇ ವಿಧಿಯಲ್ಲಿ ಆಟ, ವಿರಾಮ, ಮನರಂಜನೆಯನ್ನು ಸಮಾನ ಹಕ್ಕಾಗಿ ಬರೆಯಿತು. 2007ರ ಅಕ್ಟೋಬರ್ 1ರಂದು ಭಾರತ ಅದನ್ನು ಅನುಮೋದಿಸಿತು.

ಅದರ ಫಲವೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 29ನೇ ಸೆಕ್ಷನ್ ಸ್ಕೌಟಿಂಗ್, ನೃತ್ಯ, ಕಲಾ ತರಗತಿ, ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆ ಎಂದು ಹೆಸರು ಹಿಡಿದೇ ಹೇಳುತ್ತದೆ. ಈ ಹೊಣೆ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳದು. ಖಾಸಗಿಯವರನ್ನು ಹಿಡಿಯುವುದು ಇದೇ ಹೊಸ ಕಾಯ್ದೆಯ 46ನೇ ಸೆಕ್ಷನ್: ನಿಯಮ ಪ್ರಕಟವಾದ ಎರಡು ವರ್ಷದೊಳಗೆ ಸರ್ಕಾರಿ, ಖಾಸಗಿ ಸೇವೆಗಳೆಲ್ಲ ಸುಗಮವಾಗಬೇಕು. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳಿಗೆ ಐದು ವರ್ಷ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಎಂದರೆ ಎರಡೂ ಗಡುವು ಮುಗಿದು ವರ್ಷಗಳೇ ಆದವು. ನಡುವೆ ಒಂದು ತೊಡಕೂ ಇತ್ತು. ನಿಯಮ 15 ಸೂಚಿಸಿದ ಮಾನದಂಡಗಳು ಬರೀ ಮಾರ್ಗಸೂಚಿಯ ದನಿಯಲ್ಲಿದ್ದವು, ಪಾಲಿಸಿದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ ಎನ್ನುವಂತೆ. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ನಿಯಮ 15(1) ಮೂಲ ಕಾಯ್ದೆಗೇ ವಿರುದ್ಧ ಎಂದು ಹೇಳಿ, ಕಡ್ಡಾಯ ಮಾನದಂಡ ರೂಪಿಸಲು ಮೂರು ತಿಂಗಳು ಕೊಟ್ಟಿತು.

ಇನ್ನು ನೆಲದ ಮೇಲಿನ ಕೆಲಸ. ಇಳಿಜಾರು 1:12 ಇರಬೇಕು, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಒಂದೂವರೆ ಅಡಿ ಎತ್ತರದ ಕಟ್ಟೆಗೆ ರ‍್ಯಾಂಪ್ 18 ಅಡಿ ಉದ್ದ, ನಾಲ್ಕು ಅಡಿ ಅಗಲ, ಮೇಲೂ ಕೆಳಗೂ ಐದಡಿ ಸಮತಟ್ಟು. ಜಾಗ ಇಲ್ಲವೆಂದು ಆರಡಿಯಲ್ಲಿ ಮುಗಿಸಿದರೆ ಅದು ಬೈಕ್ ಹತ್ತಿಸಲು ಸರಿ, ಕುರ್ಚಿಗಲ್ಲ. ತಳ್ಳುವವರು ಕೈಬಿಟ್ಟರೆ ಹಿಂದಕ್ಕೆ ಉರುಳುತ್ತದೆ. ಹಿಡಿಕೆ ಎರಡು ಸಾಲು, 760 ಮತ್ತು 900 ಮಿ.ಮೀ. ಎತ್ತರದಲ್ಲಿ. ಶಹಾಬಾದ್ ಫರ್ಸಿ (ಹಾಸುಗಲ್ಲು) ಇಲ್ಲಿ ಅಗ್ಗ ಎಂದು ಪಾಲಿಶ್ ಮಾಡಿದ್ದನ್ನೇ ರ‍್ಯಾಂಪ್‌ಗೂ ಹಾಕುತ್ತಾರೆ, ನೀರು ಬಿದ್ದರೆ ಊರುಗೋಲು ನಿಲ್ಲುವುದಿಲ್ಲ. ಒರಟು ಮುಖ ಮೇಲೆ ಮಾಡಿ, ಅಡ್ಡಗೆರೆ ಕೊರೆಸಬೇಕು.

ಕಲಬುರಗಿ, ಯಾದಗಿರಿಯ ಎರೆ ಮಣ್ಣು ಇನ್ನೊಂದು ಶತ್ರು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅದರ ಮೇಲೆ ನೇರ ಫರ್ಸಿ ಹಾಸಿದರೆ ಒಂದು ಮಳೆಗಾಲಕ್ಕೇ ಕಲ್ಲುಗಳು ಮೇಲೆ ಕೆಳಗೆ ಆಗುತ್ತವೆ. ಅರ್ಧ ಇಂಚು ಎದ್ದರೂ ಸಾಕು, ಕುರ್ಚಿಯ ಮುಂದಿನ ಸಣ್ಣ ಚಕ್ರ ಸಿಕ್ಕಿ ಕುಳಿತವರು ಮುಂದಕ್ಕೆ ಬೀಳುತ್ತಾರೆ. ಆ ಮಣ್ಣನ್ನು ಅಡಿ, ಒಂದೂವರೆ ಅಡಿ ತೆಗೆದು ಮುರುಮ್ (ಗರಸು ಮಣ್ಣು) ತುಂಬಿ, ಅರ್ಧ ಅಡಿಗೊಮ್ಮೆ ನೀರು ಹಾಕಿ ದಿಮ್ಮಸು ಮಾಡಿದ ಮೇಲೆ ಕಲ್ಲು ಹಾಸಬೇಕು.

ಸಂಡಾಸದ ವಿಷಯದಲ್ಲಿ ಗೋಳು ಒಂದೇ ನಮೂನೆ. ಬಾಗಿಲು ಒಳಕ್ಕೆ ತೆರೆಯುತ್ತದೆ, ಕುರ್ಚಿ ಒಳಗೆ ಹೋದರೆ ಮುಚ್ಚಲಾಗದು. ಹಿಡಿಕೆಯನ್ನು ಟೈಲ್ಸ್‌ಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿದಿರುತ್ತಾರೆ, ಭಾರ ಬಿಟ್ಟ ಕೂಡಲೇ ಕಿತ್ತು ಬರುತ್ತದೆ. ಇದೆಲ್ಲ ಸರಿ ಇದ್ದರೆ ಒಳಗೆ ಪೊರಕೆ, ಬಕೆಟ್ ತುಂಬಿ ಬೀಗ ಜಡಿದಿರುತ್ತದೆ. ಬಾಗಿಲ ಅಗಲ 900 ಮಿ.ಮೀ., ಒಳಗೆ ತಿರುಗಲು ಒಂದೂವರೆ ಮೀಟರ್ ಜಾಗ ಬೇಕು. ಹಳ್ಳಿಯಿಂದ ಬರುವವರು ಹೆಚ್ಚಾಗಿ ಕೈಪೆಡಲ್‌ನ ಮೂರು ಚಕ್ರದ ಸೈಕಲ್‌ನಲ್ಲಿ ಬರುತ್ತಾರೆ. ಅದು ಈ ಬಾಗಿಲಲ್ಲಿ ನುಗ್ಗದು. ಗೇಟಿನಲ್ಲಿ ಒಂದು ಗಾಲಿಕುರ್ಚಿ ಇಡುವುದೇ ಉಪಾಯ.

ಬಿಸಿಲನ್ನು ಯಾವ ಮಾರ್ಗಸೂಚಿಯೂ ನಮ್ಮಷ್ಟು ತಿಳಿದಿಲ್ಲ. ಬೆನ್ನುಹುರಿ ಪೆಟ್ಟಾದವರಿಗೆ ಪೆಟ್ಟಿನ ಕೆಳಭಾಗದಲ್ಲಿ ಬೆವರು ಸರಿಯಾಗಿ ಬರುವುದಿಲ್ಲ, ಮೈ ತಂಪಾಗುವುದಿಲ್ಲ. ಕಾಲಿಗೆ ಸ್ಪರ್ಶವಿಲ್ಲದವರು ಕಾದ ಸ್ಟೀಲ್ ಹಿಡಿಕೆಗೆ, ಫರ್ಸಿಗೆ ತಾಗಿ ಸುಟ್ಟರೂ ಗೊತ್ತಾಗುವುದು ಗುಳ್ಳೆ ಎದ್ದ ಮೇಲೆ. ಹೊರಗಿನ ಚಟುವಟಿಕೆ ಬೆಳಗ್ಗೆ ಹತ್ತರೊಳಗೆ ಮುಗಿಯಬೇಕು. ರ‍್ಯಾಂಪ್‌ಗೆ ನೆರಳು ಬೇಕು.

ಕಟ್ಟಡಕ್ಕೆ ಸಂಬಂಧವಿಲ್ಲದ, ಹೆಚ್ಚು ಖರ್ಚಿಲ್ಲದ ಬದಲಾವಣೆಗಳೂ ಇವೆ. ಶಿಬಿರಾಗ್ನಿಯ ಕತ್ತಲಲ್ಲಿ ಕಿವುಡ ಮಕ್ಕಳಿಗೆ ಸನ್ನೆ ಕಾಣದು, ಸನ್ನೆ ಭಾಷೆಯವರ ಮುಖ ಮತ್ತು ಕೈ ಮೇಲೆ ಒಂದು ದೀಪ ಬೇಕು. ಸೀಟಿಯ ಜೊತೆ ಬಾವುಟ ಅಥವಾ ಟಾರ್ಚ್. ಟೆಂಟಿನಿಂದ ಶೌಚಾಲಯದವರೆಗೆ ಸೊಂಟದೆತ್ತರಕ್ಕೆ ಹಗ್ಗ ಕಟ್ಟಿದರೆ ಕಣ್ಣು ಕಾಣದ ಮಗು ರಾತ್ರಿ ಯಾರನ್ನೂ ಎಬ್ಬಿಸಬೇಕಿಲ್ಲ. ಅರ್ಜಿಯಲ್ಲಿ ‘ಕಾಯಿಲೆ ಇದೆಯೇ’ ಎಂಬುದನ್ನು ತೆಗೆದು ‘ಯಾವ ನೆರವು ಬೇಕು’ ಎಂದು ಕೇಳಬೇಕು.

ಕಾಯ್ದೆ ಅತಿಯಾದ ಹೊರೆಯನ್ನು ಹೇರುವುದಿಲ್ಲ. ಬೀದರ್‌ನ ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ಸಾಗಬೇಕು. ಅಲ್ಲಿ ಗಾಲಿಕುರ್ಚಿಗೆ ದಾರಿ ಮಾಡಿ ಎಂದು ಯಾರೂ ಕೇಳರು. ಆದರೆ ಅಲ್ಲಿಗೆ ಹೋಗುವ ಅರ್ಧ ದಿನದ ನೆಪದಲ್ಲಿ ಐದು ದಿನದ ಶಿಬಿರವನ್ನೇ ನಿರಾಕರಿಸುವುದು ತಾರತಮ್ಯವಾಗುತ್ತದೆ. ಹಾಗಾದಾಗ ಅರ್ಜಿಯ ಪ್ರತಿ, ನಿರಾಕರಿಸಿದ ಸಂದೇಶ, ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಇಟ್ಟು ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಿಸಿದ ಪ್ರಾಧಿಕಾರ ಮೂರು ತಿಂಗಳೊಳಗೆ ಕ್ರಮ ತಿಳಿಸಬೇಕು. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ.